ವಿಂಡೋ, ಮೌಸ್ ಮತ್ತು ಕೀಲಿಮಣೆಯನ್ನು ಸ್ಕ್ರಿಪ್ಟಿನಿಂದ ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ತಂತ್ರಾಂಶದಿಂದ ಅಂಕಿಗಳನ್ನು ನಕಲಿಸಿ ಇನ್ನೊಂದರಲ್ಲಿ ತುಂಬುವ ಕೆಲಸವನ್ನು ದಿನಕ್ಕೆ ನೂರಾರು ಸಲ ಮಾಡುವವರಿಗೆ, ಅದನ್ನು ಗಣಕವೇ ಮಾಡಿಕೊಂಡು ಹೋಗಬಾರದೇಕೆ ಎಂಬ ಯೋಚನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸ್ಕ್ರಿಪ್ಟ್, ಅಂದರೆ ಗಣಕ ಒಂದೊಂದಾಗಿ ನಡೆಸುವ ಆದೇಶಗಳ ಪಟ್ಟಿ, ಬರೆದು ಆ ದಾರಿಯಲ್ಲಿ ಹೊರಟವರು ಸಾಮಾನ್ಯವಾಗಿ ಎಡವುವ ಜಾಗಗಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಡನೆ ಕೊಡಲಾಗಿದೆ.

ನಾನು ಕೀಲಿ ಒತ್ತುವುದಕ್ಕೂ ಸ್ಕ್ರಿಪ್ಟ್ ಕೀಲಿ ಒತ್ತುವುದಕ್ಕೂ ಏನು ವ್ಯತ್ಯಾಸ?

ಕೀಲಿಮಣೆ ಅಕ್ಷರಗಳನ್ನು ಕಳಿಸುವುದಿಲ್ಲ. ಯಾವ ಸ್ಥಾನದ ಕೀಲಿ ಒತ್ತಲ್ಪಟ್ಟಿತು, ಯಾವುದು ಬಿಡಲ್ಪಟ್ಟಿತು ಎಂಬ ಸಂಕೇತಗಳನ್ನಷ್ಟೇ ಕಳಿಸುತ್ತದೆ. ಆ ಸಂಕೇತವನ್ನು ಕಾರ್ಯಾಚರಣೆ ವ್ಯವಸ್ಥೆಯು ಆಗ ಆಯ್ಕೆಯಲ್ಲಿರುವ ಕೀಲಿಮಣೆ ವಿನ್ಯಾಸಕ್ಕೆ ಅನುಸಾರವಾಗಿ ಅಕ್ಷರವನ್ನಾಗಿ ಮಾಡಿ, ಒಂದು ಸರದಿಯಲ್ಲಿಟ್ಟು, ಎದುರಿಗಿರುವ ವಿಂಡೋಗೆ ತಲುಪಿಸುತ್ತದೆ. ಸ್ಕ್ರಿಪ್ಟ್ ಈ ದಾರಿಯ ನಡುವೆ ಸೇರಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಸೆಂಡ್‌ಇನ್‌ಪುಟ್ ಎಂಬ ಕರೆ, ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಯ ಮೇಲೆ ತೋರಿಸುವ ಎಕ್ಸ್11 ವ್ಯವಸ್ಥೆಯಲ್ಲಿ ಎಕ್ಸ್‌ಟೆಸ್ಟ್ ಎಂಬ ವಿಸ್ತರಣೆ, ಮ್ಯಾಕ್‌ನಲ್ಲಿ ಸಿಜಿಇವೆಂಟ್ ಎಂಬ ಸೌಲಭ್ಯ ಇದಕ್ಕಾಗಿಯೇ ಇವೆ. ಹೀಗಾಗಿ ಹೆಚ್ಚಿನ ತಂತ್ರಾಂಶಗಳಿಗೆ ನಿಜವಾದ ಬೆರಳಿಗೂ ಸ್ಕ್ರಿಪ್ಟಿಗೂ ವ್ಯತ್ಯಾಸವೇ ತಿಳಿಯದು. ಆದರೆ ಬೇಕೆಂದವರು ಅದನ್ನು ಪತ್ತೆ ಮಾಡಬಹುದು: ವಿಂಡೋಸ್‌ನಲ್ಲಿ ಕೀಲಿಗಳನ್ನು ಕೆಳಹಂತದಲ್ಲಿ ಗಮನಿಸುವ ತಂತ್ರಾಂಶಕ್ಕೆ, ಹೀಗೆ ಸೇರಿಸಿದ ಪ್ರತಿ ಒತ್ತುವಿಕೆಯ ಮೇಲೂ ಒಂದು ಗುರುತು ಕಾಣಿಸುತ್ತದೆ.

ಒತ್ತುವುದು ಮತ್ತು ಬಿಡುವುದು ಎರಡು ಪ್ರತ್ಯೇಕ ಘಟನೆಗಳು ಎಂಬುದನ್ನು ಮೊದಲ ದಿನವೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬರುವ ಹಲವು ತೊಂದರೆಗಳ ಬೇರು ಅಲ್ಲಿದೆ.

ಯಾವ ಸಾಧನವನ್ನು ಆರಿಸಿಕೊಳ್ಳಬೇಕು?

ವಿಂಡೋಸ್ ಮಾತ್ರ ಬಳಸುವವರಿಗೆ, 2003ರಿಂದ ಬಳಕೆಯಲ್ಲಿರುವ ಆಟೋಹಾಟ್‌ಕೀ ಇಂದಿಗೂ ನನ್ನ ಮೊದಲ ಆಯ್ಕೆ. ಇದರ ಎರಡನೆಯ ಆವೃತ್ತಿ 2022ರ ಡಿಸೆಂಬರಿನಲ್ಲಿ ಹೊರಬಂತು. ಮೊದಲ ಆವೃತ್ತಿಗೆಂದು ಬರೆದ ಹಳೆಯ ಸ್ಕ್ರಿಪ್ಟುಗಳು ಅದರಲ್ಲಿ ಇದ್ದ ಹಾಗೆಯೇ ಓಡುವುದಿಲ್ಲವಾದ್ದರಿಂದ, ಎಲ್ಲಿಂದಲೋ ನಕಲಿಸಿದ ಉದಾಹರಣೆ ಯಾವ ಆವೃತ್ತಿಯದು ಎಂಬುದನ್ನು ಮೊದಲು ನೋಡಬೇಕು. ಹಲವು ವ್ಯವಸ್ಥೆಗಳಲ್ಲಿ ಒಂದೇ ಸ್ಕ್ರಿಪ್ಟ್ ನಡೆಯಬೇಕೆಂದರೆ ಪೈಥಾನ್ ಭಾಷೆಯ ಪೈಆಟೋಗುಯಿ ಎಂಬ ಗ್ರಂಥಾಲಯ (ಸಿದ್ಧ ಆದೇಶಗಳ ಸಂಗ್ರಹ) ಅನುಕೂಲ. ಎಕ್ಸ್11ನಲ್ಲಿ ಎಕ್ಸ್‌ಡೂಟೂಲ್, ಮ್ಯಾಕ್‌ನಲ್ಲಿ ಆಪಲ್‌ಸ್ಕ್ರಿಪ್ಟ್ ಅಥವಾ ಹ್ಯಾಮರ್‌ಸ್ಪೂನ್ ಇವೆ.

ಇಷ್ಟೆಲ್ಲ ಹೇಳಿದರೂ, ಬೇಕಾಗಿರುವುದು ವಿಂಡೋಗಳನ್ನು ಅಕ್ಕಪಕ್ಕ ಜೋಡಿಸುವುದಷ್ಟೇ ಆಗಿದ್ದರೆ ಸ್ಕ್ರಿಪ್ಟ್ ಬರೆಯುವ ಅಗತ್ಯವೇ ಇಲ್ಲ. ವಿಂಡೋಸ್ ಕೀಲಿಯೊಡನೆ ಎಡ ಅಥವಾ ಬಲ ಬಾಣದ ಕೀಲಿಯನ್ನು ಒತ್ತಿದರೆ ವಿಂಡೋ ಪರದೆಯ ಅರ್ಧಕ್ಕೆ ಕೂರುತ್ತದೆ. ವಿಂಡೋಸ್ 11ರಲ್ಲಿ ಅದೇ ಕೀಲಿಯೊಡನೆ ಜೆಡ್ ಒತ್ತಿದರೆ ಹಂಚಿಕೆಯ ಮಾದರಿಗಳು ಕಾಣುತ್ತವೆ. ಮ್ಯಾಕ್‌ಗೆ ಇಂಥ ಜೋಡಣೆ 2024ರ ಸಿಕೋಯಾ ಆವೃತ್ತಿಯಲ್ಲಿ ಬಂತು. ಹಾಗೆಯೇ, ನಡೆಸಬೇಕಾದ ತಂತ್ರಾಂಶವೇ ಕಡತವನ್ನು ಆಮದು ಮಾಡಿಕೊಳ್ಳುವ ಸೌಲಭ್ಯವನ್ನೋ ಆದೇಶ ಸಾಲನ್ನೋ (ಆದೇಶಗಳನ್ನು ಬರೆದು ನಡೆಸುವ ಸೌಲಭ್ಯ) ಕೊಟ್ಟಿದ್ದರೆ ಅದನ್ನೇ ಬಳಸಬೇಕು. ಗುಂಡಿ ಒತ್ತಿಸುವ ಸ್ಕ್ರಿಪ್ಟ್ ಬೇರೆ ಬಾಗಿಲುಗಳೆಲ್ಲ ಮುಚ್ಚಿರುವಾಗ ಹಿಡಿಯಬೇಕಾದ ದಾರಿ.

ತೆರೆದಿರುವ ಹತ್ತಾರು ವಿಂಡೋಗಳಲ್ಲಿ ನನಗೆ ಬೇಕಾದದ್ದನ್ನು ಸ್ಕ್ರಿಪ್ಟ್ ಹೇಗೆ ಗುರುತಿಸಬೇಕು?

ಪ್ರತಿ ವಿಂಡೋಗೆ ಶೀರ್ಷಿಕೆ, ವರ್ಗದ ಹೆಸರು (ಅದು ಯಾವ ಬಗೆಯ ವಿಂಡೋ ಎಂದು ತಂತ್ರಾಂಶ ಕೊಟ್ಟ ಹೆಸರು), ಅದನ್ನು ತೆರೆದ ಪ್ರಕ್ರಿಯೆ (ಓಡುತ್ತಿರುವ ತಂತ್ರಾಂಶ) ಮತ್ತು ವ್ಯವಸ್ಥೆ ಕೊಡುವ ಒಂದು ಸಂಖ್ಯೆ ಇರುತ್ತವೆ. ಈ ಸಂಖ್ಯೆಯನ್ನು ವಿಂಡೋಸ್‌ನಲ್ಲಿ ಹ್ಯಾಂಡಲ್ ಎನ್ನುತ್ತಾರೆ. ಹೊಸಬರು ಶೀರ್ಷಿಕೆಯನ್ನು ನಂಬುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ಆದರೆ ಶೀರ್ಷಿಕೆಯಷ್ಟು ಬೇಗ ಬದಲಾಗುವುದು ಮತ್ತೊಂದಿಲ್ಲ: ಕಡತವನ್ನು ತಿದ್ದಿದರೆ ಹೆಸರಿನ ಪಕ್ಕ ಒಂದು ನಕ್ಷತ್ರ ಚಿಹ್ನೆ ಬರುತ್ತದೆ, ಹೊಸ ಸಂದೇಶ ಬಂದರೆ ಆವರಣದಲ್ಲಿ ಒಂದು ಅಂಕಿ ಸೇರುತ್ತದೆ, ಬ್ರೌಸರಿನಲ್ಲಿ ಬೇರೆ ಟ್ಯಾಬ್ ಆರಿಸಿದರೆ ಇಡೀ ಶೀರ್ಷಿಕೆಯೇ ಬೇರೆಯಾಗುತ್ತದೆ. ಹ್ಯಾಂಡಲ್ ಅತ್ಯಂತ ಖಚಿತವಾದ ಗುರುತಾದರೂ ಅದರ ಆಯುಷ್ಯ ಆ ವಿಂಡೋ ಇರುವಷ್ಟು ಹೊತ್ತು ಮಾತ್ರ. ಮುಚ್ಚಿ ತೆರೆದರೆ ಹೊಸ ಸಂಖ್ಯೆ ಬರುತ್ತದೆ ಮತ್ತು ಹಳೆಯದು ಬೇರೊಂದು ವಿಂಡೋಗೆ ಸಿಕ್ಕರೂ ಸಿಗಬಹುದು.

ಆದ್ದರಿಂದ ಪ್ರಕ್ರಿಯೆ ಮತ್ತು ವರ್ಗದ ಹೆಸರಿನಿಂದ ಹುಡುಕಿ, ಶೀರ್ಷಿಕೆಯ ಬದಲಾಗದ ತುಂಡೊಂದನ್ನು ಜೊತೆಗೆ ಹೊಂದಿಸಿ, ಸಿಕ್ಕ ವಿಂಡೋದ ಹ್ಯಾಂಡಲನ್ನು ಆ ಒಂದು ಓಟದ ಮಟ್ಟಿಗೆ ಹಿಡಿದಿಟ್ಟುಕೊಳ್ಳುವುದು ಸರಿಯಾದ ಕ್ರಮ. ಹುಡುಕಿದಾಗ ಎರಡು ವಿಂಡೋ ಸಿಕ್ಕರೆ ಮೊದಲನೆಯದನ್ನು ಆರಿಸಿಕೊಳ್ಳುವ ಬದಲು ಸ್ಕ್ರಿಪ್ಟ್ ಅಲ್ಲಿಯೇ ನಿಂತು ಬಳಕೆದಾರರಿಗೆ ತಿಳಿಸುವಂತೆ ಬರೆಯಿರಿ.

ಸ್ಕ್ರಿಪ್ಟ್ ಓಡುತ್ತಿರುವಾಗ ಅಕ್ಷರಗಳು ಬೇರೆಯೇ ವಿಂಡೋಗೆ ಹೋಗಿಬಿಟ್ಟವು. ಏಕೆ?

ಈ ವಿಷಯದಲ್ಲಿ ಅತಿ ಹೆಚ್ಚು ಹಾನಿ ಮಾಡುವ ದೋಷ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೀಲಿಯ ಒತ್ತುವಿಕೆಗೆ ವಿಳಾಸವಿರುವುದಿಲ್ಲ. ಆ ಕ್ಷಣದಲ್ಲಿ ಫೋಕಸ್, ಅಂದರೆ ಕೀಲಿಗಳನ್ನು ಪಡೆಯುವ ಸರದಿ, ಯಾವ ವಿಂಡೋದ ಬಳಿ ಇದೆಯೋ ಅದಕ್ಕೆ ಅದು ಸಲ್ಲುತ್ತದೆ. ವರ್ಷಗಳ ಹಿಂದೆ ನಾನು ಬರೆದ ಒಂದು ಸ್ಕ್ರಿಪ್ಟ್ ನಮೂನೆಯೊಂದನ್ನು ಸಾಲುಸಾಲಾಗಿ ತುಂಬುತ್ತಿದ್ದಾಗ ಸಂದೇಶ ಕಳಿಸುವ ತಂತ್ರಾಂಶವೊಂದು ತಾನಾಗಿಯೇ ಮುಂದೆ ಬಂದು ನಿಂತಿತು. ಮುಂದಿನ ನಲವತ್ತು ಸಾಲುಗಳು, ಪ್ರತಿಯೊಂದರ ಕೊನೆಗೆ ಎಂಟರ್ ಒತ್ತಿದ ಕಾರಣ, ಒಂದೊಂದಾಗಿ ಪರಿಚಯದವರೊಬ್ಬರಿಗೆ ಸಂದೇಶಗಳಾಗಿ ತಲುಪಿದವು. ಕಳಿಸಿದ್ದು ಗುಟ್ಟಿನ ಮಾಹಿತಿಯಾಗಿರಲಿಲ್ಲ ಎಂಬುದು ನನ್ನ ಪುಣ್ಯ. ಅಂದಿನಿಂದ, ಪ್ರತಿ ಸಾಲು ಕಳಿಸುವ ಮೊದಲು ಎದುರಿಗಿರುವ ವಿಂಡೋ ನಾನು ಹಿಡಿದಿಟ್ಟ ಹ್ಯಾಂಡಲಿನದೇ ಹೌದೇ ಎಂದು ಪರೀಕ್ಷಿಸದೆ ಒಂದು ಅಕ್ಷರವನ್ನೂ ಕಳಿಸುವುದಿಲ್ಲ.

ವಿಂಡೋವನ್ನು ಮುಂದೆ ತರುವ ಆದೇಶ ಕೊಟ್ಟ ಮಾತ್ರಕ್ಕೆ ಅದು ಮುಂದೆ ಬಂದಿದೆ ಎಂದುಕೊಳ್ಳಬಾರದು. ಬಳಕೆದಾರರು ಬೇರೆ ಕೆಲಸದಲ್ಲಿರುವಾಗ ಹಿನ್ನೆಲೆಯ ತಂತ್ರಾಂಶ ಎದುರಿಗೆ ನುಗ್ಗುವುದನ್ನು ವಿಂಡೋಸ್ ಉದ್ದೇಶಪೂರ್ವಕವಾಗಿ ತಡೆಯುತ್ತದೆ. ಆಗ ಟಾಸ್ಕ್‌ಬಾರಿನ ಗುಂಡಿಯಷ್ಟೇ ಮಿನುಗುತ್ತದೆ, ವಿಂಡೋ ಹಿಂದೆಯೇ ಉಳಿಯುತ್ತದೆ. ಆದೇಶ ಕೊಟ್ಟ ಮೇಲೆ ಫಲ ದೊರೆಯಿತೇ ಎಂದು ಕೇಳಿ ತಿಳಿಯಲೇಬೇಕು.

ಫೋಕಸ್‌ನ ಗೊಡವೆಯೇ ಬೇಡವೆಂದರೆ ಮತ್ತೊಂದು ದಾರಿಯಿದೆ. ವಿಂಡೋದೊಳಗಿನ ಗುಂಡಿಗಳನ್ನೂ ಬರೆಯುವ ಚೌಕಗಳನ್ನೂ ಹೆಸರಿನಿಂದ ಗುರುತಿಸಿ ನೇರವಾಗಿ ನಡೆಸುವ ಸೌಲಭ್ಯವನ್ನು ವಿಂಡೋಸ್‌ನಲ್ಲಿ ಯುಐ ಆಟೊಮೇಷನ್, ಮ್ಯಾಕ್‌ನಲ್ಲಿ ಆಕ್ಸೆಸಿಬಿಲಿಟಿ, ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ ಒದಗಿಸುತ್ತವೆ. ‘ಉಳಿಸು’ ಎಂಬ ಗುಂಡಿಯನ್ನು ಒತ್ತು ಎಂದು ಹೇಳಿದರೆ, ಆ ಗುಂಡಿ ಪರದೆಯ ಯಾವ ಮೂಲೆಯಲ್ಲಿದ್ದರೂ ಕೆಲಸವಾಗುತ್ತದೆ. ಮೂಲತಃ ಈ ಸೌಲಭ್ಯಗಳು ದೃಷ್ಟಿ ಇಲ್ಲದವರು ಬಳಸುವ ಪರದೆ ಓದುಗ ತಂತ್ರಾಂಶಗಳಿಗಾಗಿ ಬೆಳೆದವು. ತನ್ನ ಗುಂಡಿಗಳಿಗೆಲ್ಲ ಸರಿಯಾದ ಹೆಸರು ಕೊಟ್ಟು ಅವರಿಗೆ ನೆರವಾಗುವ ತಂತ್ರಾಂಶ ಸ್ಕ್ರಿಪ್ಟಿಗೂ ಸುಲಭವಾಗಿ ಒಲಿಯುತ್ತದೆ. ಹೆಸರಿಲ್ಲದ ಗುಂಡಿಗಳನ್ನು ಚಿತ್ರಗಳಂತೆ ಬಿಡಿಸಿಟ್ಟ ತಂತ್ರಾಂಶ ಇಬ್ಬರನ್ನೂ ಕಾಡುತ್ತದೆ.

ಎರಡು ಹೆಜ್ಜೆಗಳ ನಡುವೆ ಎಷ್ಟು ಸೆಕೆಂಡು ಕಾಯಬೇಕು?

ಇಷ್ಟೇ ಸೆಕೆಂಡು ಎಂಬ ಉತ್ತರವನ್ನು ನಿರೀಕ್ಷಿಸುವುದೇ ತಪ್ಪು. ನಿಮ್ಮ ಗಣಕದಲ್ಲಿ ಎರಡು ಸೆಕೆಂಡಿಗೆ ತೆರೆಯುವ ವಿಂಡೋ, ಹಿನ್ನೆಲೆಯಲ್ಲಿ ನವೀಕರಣವೊಂದು ನಡೆಯುತ್ತಿರುವ ದಿನ ಹತ್ತು ಸೆಕೆಂಡು ತೆಗೆದುಕೊಳ್ಳುತ್ತದೆ. ಸಮಯಕ್ಕೆ ಕಾಯುವ ಬದಲು ಸ್ಥಿತಿಗೆ ಕಾಯಿರಿ: ವಿಂಡೋ ಕಾಣಿಸಿಕೊಂಡಿತೇ, ಗುಂಡಿ ಒತ್ತಲು ಸಿದ್ಧವಾಯಿತೇ, ‘ದಯವಿಟ್ಟು ಕಾಯಿರಿ’ ಎಂಬ ಸೂಚನೆ ಮರೆಯಾಯಿತೇ ಎಂದು ಸೆಕೆಂಡಿಗೆ ನಾಲ್ಕೈದು ಬಾರಿ ನೋಡುತ್ತ, ಆಗದಿದ್ದರೆ ಮೂವತ್ತು ಸೆಕೆಂಡಿನ ನಂತರ ದೋಷವೆಂದು ಘೋಷಿಸಿ ನಿಲ್ಲುವಂತೆ ಬರೆಯಬೇಕು. ಹೀಗೆ ಬರೆದ ಸ್ಕ್ರಿಪ್ಟ್ ವೇಗದ ಗಣಕದಲ್ಲಿ ವೇಗವಾಗಿಯೂ ನಿಧಾನದ ಗಣಕದಲ್ಲಿ ತಪ್ಪದೆಯೂ ನಡೆಯುತ್ತದೆ.

ನನ್ನ ಗಣಕದಲ್ಲಿ ಸರಿಯಾಗಿ ಬೀಳುವ ಕ್ಲಿಕ್ ಬೇರೆಯವರ ಗಣಕದಲ್ಲಿ ಪಕ್ಕಕ್ಕೆ ಬೀಳುತ್ತದೆ. ಏಕೆ?

ಬಹುಪಾಲು ಕಾರಣ ಪರದೆಯ ಹಿಗ್ಗಿಸುವಿಕೆ. ವಿಂಡೋಸ್ ಒಂದು ಅಂಗುಲಕ್ಕೆ 96 ಚುಕ್ಕೆ ಎಂಬ ಲೆಕ್ಕವನ್ನು ಶೇಕಡ 100 ಎಂದು ಹಿಡಿಯುತ್ತದೆ. ಅಕ್ಷರಗಳು ದೊಡ್ಡದಾಗಿ ಕಾಣಲೆಂದು ಅದನ್ನು ಶೇಕಡ 125 ಅಥವಾ 150 ಮಾಡಿದಾಗ, ಹಿಗ್ಗಿಸುವಿಕೆಯ ಅರಿವಿಲ್ಲದ ತಂತ್ರಾಂಶಕ್ಕೆ ವ್ಯವಸ್ಥೆಯು ಹಳೆಯ ಲೆಕ್ಕದ ನಿರ್ದೇಶಾಂಕಗಳನ್ನೇ ಕೊಡುತ್ತದೆ. ಶೇಕಡ 150ರಲ್ಲಿ ನಿಜವಾಗಿ 900ನೆಯ ಚುಕ್ಕೆಯಲ್ಲಿರುವ ಗುಂಡಿ ಅಂಥ ತಂತ್ರಾಂಶಕ್ಕೆ 600ರಲ್ಲಿರುವಂತೆ ತೋರುತ್ತದೆ. ಸ್ಕ್ರಿಪ್ಟ್ ಒಂದು ಲೆಕ್ಕದಲ್ಲಿ ಅಳೆದು ಇನ್ನೊಂದು ಲೆಕ್ಕದಲ್ಲಿ ಒತ್ತಿದರೆ ಗುರಿ ತಪ್ಪುತ್ತದೆ.

ಎರಡು ಪರದೆಗಳಿದ್ದರೆ ಇನ್ನೊಂದು ತೊಡಕು ಸೇರುತ್ತದೆ. ಮುಖ್ಯ ಪರದೆಯ ಎಡ ಮೇಲ್ಮೂಲೆ ಸೊನ್ನೆಯಾದ್ದರಿಂದ ಅದರ ಎಡಕ್ಕಿಟ್ಟ ಪರದೆಯಲ್ಲಿನ ಸ್ಥಾನಗಳು ಋಣಸಂಖ್ಯೆಗಳಾಗಿರುತ್ತವೆ. ಋಣಸಂಖ್ಯೆ ಬಂದರೆ ಅದು ತಪ್ಪು ಎಂದು ಭಾವಿಸಿ ಸೊನ್ನೆಯಾಗಿಸುವ ಸ್ಕ್ರಿಪ್ಟುಗಳನ್ನು ನೋಡಿದ್ದೇನೆ. ಅವು ಎರಡನೆಯ ಪರದೆಯನ್ನು ಎಂದಿಗೂ ಮುಟ್ಟಲಾರವು.

ಸ್ಥಾನ ಹೇಳಿ ಕ್ಲಿಕ್ ಮಾಡದೆ ಬೇರೆ ಗತಿಯಿಲ್ಲದಿದ್ದರೆ, ಇಡೀ ಪರದೆಯ ಲೆಕ್ಕವನ್ನು ಬಿಟ್ಟು ವಿಂಡೋದ ಒಳಭಾಗದ ಮೂಲೆಯಿಂದ ಅಳೆಯಿರಿ, ಮತ್ತು ಅಳೆಯುವ ಮೊದಲು ವಿಂಡೋವನ್ನು ಒಂದು ಗೊತ್ತಾದ ಗಾತ್ರಕ್ಕೆ ತನ್ನಿ. ಪರದೆಯಲ್ಲಿ ಗುಂಡಿಯ ಚಿತ್ರವನ್ನು ಹುಡುಕುವ ವಿಧಾನವೂ ಇದೆ, ಆದರೆ ಕಪ್ಪು ಹಿನ್ನೆಲೆಗೆ ಬದಲಾಯಿಸಿದ ದಿನವೇ ಅದು ಸೋಲುತ್ತದೆ.

ಎಳೆದು ಬಿಡುವ ಕ್ರಿಯೆ ಸ್ಕ್ರಿಪ್ಟಿನಿಂದ ನಡೆಯುತ್ತಿಲ್ಲ, ಏನು ಮಾಡಲಿ?

ಗುಂಡಿ ಒತ್ತಿ ಒಮ್ಮೆಗೇ ದೂರಕ್ಕೆ ಜಿಗಿದು ಬಿಟ್ಟರೆ ಎಷ್ಟೋ ತಂತ್ರಾಂಶಗಳು ಅದನ್ನು ಎಳೆತವೆಂದು ಗುರುತಿಸುವುದಿಲ್ಲ. ಒತ್ತಿದ ಮೇಲೆ ಮೊದಲು ಐದಾರು ಚುಕ್ಕೆಗಳಷ್ಟು ಸರಿಸಿ (ವಿಂಡೋಸ್‌ನಲ್ಲಿ ಎಳೆತ ಎನ್ನಿಸಿಕೊಳ್ಳಲು ಸಾಮಾನ್ಯವಾಗಿ 4 ಚುಕ್ಕೆಗಳನ್ನು ದಾಟಬೇಕು), ನಡುವೆ ಕೆಲವು ಸಣ್ಣ ಹೆಜ್ಜೆಗಳನ್ನಿಟ್ಟು, ಗುರಿ ತಲುಪಿದ ಮೇಲೆ ಕ್ಷಣಕಾಲ ನಿಂತು ಬಿಡಿ. ಇದ್ದ ಜಾಗದಿಂದ ಇಷ್ಟು ದೂರ ಎಂದು ಸರಿಸುವ ಆದೇಶಗಳಿಗೆ ಮೌಸಿನ ವೇಗ ಮತ್ತು ವೇಗವರ್ಧನೆಯ ಹೊಂದಾಣಿಕೆಗಳೂ ಅನ್ವಯಿಸಿ ದೂರ ಹೆಚ್ಚು ಕಡಿಮೆಯಾಗಬಹುದಾದ್ದರಿಂದ, ನಿಗದಿತ ಸ್ಥಾನಕ್ಕೆ ಹೋಗುವ ಆದೇಶವನ್ನೇ ಬಳಸಬೇಕು.

ವಿಂಡೋ ತೆರೆದಿದೆ, ಆದರೆ ಪರದೆಯ ಮೇಲೆ ಎಲ್ಲಿಯೂ ಕಾಣುತ್ತಿಲ್ಲ.

ಎರಡನೆಯ ಪರದೆಯನ್ನು ಕಳಚಿದಾಗ ಹೀಗಾಗುವುದುಂಟು. ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಟ್ಯಾಬ್ ಒತ್ತಿ ಆ ವಿಂಡೋವನ್ನು ಆರಿಸಿ, ಆಲ್ಟ್ ಮತ್ತು ಸ್ಪೇಸ್ ಒತ್ತಿ, ಇಂಗ್ಲಿಷ್ ಮೆನುವಿನಲ್ಲಿ ಎಮ್ ಒತ್ತಿ, ಯಾವುದಾದರೊಂದು ಬಾಣದ ಕೀಲಿಯನ್ನು ಒಮ್ಮೆ ಒತ್ತಿದರೆ ವಿಂಡೋ ಮೌಸಿಗೆ ಅಂಟಿಕೊಂಡು ಬರುತ್ತದೆ. ಕ್ಲಿಕ್ ಮಾಡಿದರೆ ಅಲ್ಲಿಯೇ ನಿಲ್ಲುತ್ತದೆ.

ಸ್ಕ್ರಿಪ್ಟ್ ಮುಗಿದ ಮೇಲೆ ಕಂಟ್ರೋಲ್ ಅಥವಾ ಶಿಫ್ಟ್ ಕೀಲಿ ಒತ್ತಿದಂತೆಯೇ ಉಳಿದುಬಿಡುತ್ತದೆ. ಇದು ಕೀಲಿಮಣೆಯ ದೋಷವೇ?

ಅಲ್ಲ. ಒತ್ತಿದ ಘಟನೆ ಹೋಗಿದೆ, ಬಿಟ್ಟ ಘಟನೆ ಹೋಗಿಲ್ಲ. ನಡುವೆ ಸ್ಕ್ರಿಪ್ಟ್ ದೋಷ ಕಂಡು ನಿಂತಿದೆ. ತಕ್ಷಣದ ಪರಿಹಾರವಾಗಿ ಆ ಕೀಲಿಯನ್ನು ಕೈಯಿಂದಲೇ ಒಮ್ಮೆ ಒತ್ತಿ ಬಿಡಿ. ಎಡ ಮತ್ತು ಬಲ ಎರಡನ್ನೂ ಒತ್ತುವುದು ಒಳ್ಳೆಯದು. ಶಾಶ್ವತ ಪರಿಹಾರವೆಂದರೆ, ಸ್ಕ್ರಿಪ್ಟ್ ಹೇಗೆ ಮುಗಿದರೂ, ತಪ್ಪಿನಿಂದ ಮುಗಿದರೂ ಸಹ, ಕೊನೆಗೆ ಕಂಟ್ರೋಲ್, ಶಿಫ್ಟ್, ಆಲ್ಟ್‌ನಂಥ ಎಲ್ಲ ಜೊತೆಕೀಲಿಗಳನ್ನು ಬಿಡುಗಡೆ ಮಾಡುವ ಸಾಲುಗಳು ನಡೆದೇ ನಡೆಯುವಂತೆ ಬರೆಯುವುದು.

ಕನ್ನಡ ಅಕ್ಷರಗಳನ್ನು ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳೋ ಇಂಗ್ಲಿಷ್ ಅಕ್ಷರಗಳೋ ಬರುತ್ತವೆ.

ಕೀಲಿಗಳನ್ನು ಒತ್ತಿಸುವ ವಿಧಾನದಿಂದ, ಆ ಹೊತ್ತಿನ ವಿನ್ಯಾಸದಲ್ಲಿರುವ ಅಕ್ಷರಗಳಷ್ಟೇ ಮೂಡುತ್ತವೆ. ವಿಂಡೋಸ್‌ನ ಸೆಂಡ್‌ಇನ್‌ಪುಟ್‌ನಲ್ಲಿ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಅಕ್ಷರವನ್ನೇ ನೇರವಾಗಿ ಕಳಿಸುವ ಆಯ್ಕೆಯಿದೆ ಮತ್ತು ಆಟೋಹಾಟ್‌ಕೀ ಅಗತ್ಯ ಬಿದ್ದಾಗ ಅದನ್ನು ಬಳಸಿಕೊಳ್ಳುತ್ತದೆ. ಪೈಆಟೋಗುಯಿಯ ಬರೆಯುವ ಆದೇಶ ಕೀಲಿಮಣೆಯ ಕೀಲಿಗಳಿಗಷ್ಟೇ ಸೀಮಿತವಾದ್ದರಿಂದ, ಅಲ್ಲಿ ಪಠ್ಯವನ್ನು ಕ್ಲಿಪ್‌ಬೋರ್ಡಿಗೆ ಹಾಕಿ ಅಂಟಿಸಬೇಕು. ಉದ್ದದ ಪಠ್ಯವಿದ್ದಾಗ ನಾನು ಎಲ್ಲ ಕಡೆಯೂ ಅಂಟಿಸುವುದನ್ನೇ ಆರಿಸುತ್ತೇನೆ. ಬಳಕೆದಾರರು ಮೊದಲೇ ನಕಲಿಸಿ ಇಟ್ಟುಕೊಂಡದ್ದನ್ನು ಕೆಲಸ ಮುಗಿದ ಮೇಲೆ ಕ್ಲಿಪ್‌ಬೋರ್ಡಿಗೆ ಹಿಂತಿರುಗಿಸುವುದು ಸೌಜನ್ಯ.

ಇನ್ನೆರಡು ಸೂಕ್ಷ್ಮಗಳಿವೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ ಯೂನಿಕೋಡ್‌ನಲ್ಲಿ ಆರು ಸಂಕೇತಗಳು: ಸಕಾರ, ಹಲಂತ, ತಕಾರ, ಮತ್ತೊಂದು ಹಲಂತ, ರಕಾರ, ಈಕಾರದ ಚಿಹ್ನೆ. ಹಲವು ತಂತ್ರಾಂಶಗಳಲ್ಲಿ ಬ್ಯಾಕ್‌ಸ್ಪೇಸ್ ಒಂದು ಸಲಕ್ಕೆ ಒಂದು ಸಂಕೇತವನ್ನು ಅಳಿಸುತ್ತದೆಯಾದ್ದರಿಂದ, ಅಕ್ಷರಗಳನ್ನು ಎಣಿಸಿ ಅಷ್ಟು ಬಾರಿ ಬ್ಯಾಕ್‌ಸ್ಪೇಸ್ ಕಳಿಸುವ ಸ್ಕ್ರಿಪ್ಟ್ ಅರ್ಧಾಕ್ಷರಗಳನ್ನು ಉಳಿಸಿ ಹೋಗುತ್ತದೆ; ಎಲ್ಲವನ್ನೂ ಆರಿಸಿ ಅಳಿಸುವುದೇ ಕ್ಷೇಮ. ಹಾಗೆಯೇ ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಅಡಗಿರುತ್ತದೆ. ವಿಂಡೋದ ಶೀರ್ಷಿಕೆಯನ್ನು ಸ್ಕ್ರಿಪ್ಟಿನಲ್ಲಿರುವ ಪದದೊಡನೆ ಹೋಲಿಸಿದಾಗ ಎರಡೂ ಒಂದೇ ರೀತಿ ಕಂಡರೂ ಹೊಂದಾಣಿಕೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನು.

ಕೆಲವು ವಿಂಡೋಗಳು ಸ್ಕ್ರಿಪ್ಟಿಗೆ ಸ್ಪಂದಿಸುವುದೇ ಇಲ್ಲ. ದೋಷ ಸಂದೇಶವೂ ಇಲ್ಲ.

ಆ ತಂತ್ರಾಂಶ ನಿರ್ವಾಹಕರ ಅಧಿಕಾರದಲ್ಲಿ ಓಡುತ್ತಿರಬಹುದು. ವಿಂಡೋಸ್ ವಿಸ್ಟಾದಿಂದ ಈಚೆಗೆ, ಕಡಿಮೆ ಅಧಿಕಾರದ ತಂತ್ರಾಂಶವು ಹೆಚ್ಚು ಅಧಿಕಾರದ ವಿಂಡೋಗೆ ಕೀಲಿ ಅಥವಾ ಕ್ಲಿಕ್ ಕಳಿಸುವುದನ್ನು ವ್ಯವಸ್ಥೆ ಮೌನವಾಗಿ ತಡೆಯುತ್ತದೆ. ಸ್ಕ್ರಿಪ್ಟನ್ನೂ ನಿರ್ವಾಹಕರಾಗಿ ಓಡಿಸಿದರೆ ದಾರಿ ತೆರೆಯುತ್ತದೆ, ಆದರೆ ನಿಜವಾದ ಅಗತ್ಯವಿಲ್ಲದೆ ಹಾಗೆ ಮಾಡಬೇಡಿ. ಕಂಟ್ರೋಲ್, ಆಲ್ಟ್, ಡಿಲೀಟ್ ಈ ಮೂರನ್ನು ಒಟ್ಟಿಗೆ ಒತ್ತುವುದನ್ನಂತೂ ಸಾಮಾನ್ಯ ಸ್ಕ್ರಿಪ್ಟ್ ಅನುಕರಿಸಲಾರದು. ಅದು ಬಳಕೆದಾರರಿಗೂ ವ್ಯವಸ್ಥೆಗೂ ನಡುವಿನ ನೇರ ಸಂಪರ್ಕವೆಂದು ಕಾಯ್ದಿರಿಸಲಾಗಿದೆ.

ಮ್ಯಾಕ್‌ನಲ್ಲಿ ಖಾಸಗಿತನ ಮತ್ತು ಭದ್ರತೆಯ ವಿಭಾಗಕ್ಕೆ ಹೋಗಿ ಆಕ್ಸೆಸಿಬಿಲಿಟಿ ಅನುಮತಿ ಕೊಡಬೇಕು. ಪರದೆಯ ಚಿತ್ರ ತೆಗೆಯಲು 2019ರ ಕ್ಯಾಟಲೀನಾ ಆವೃತ್ತಿಯಿಂದ ಬೇರೊಂದು ಅನುಮತಿಯೂ ಬೇಕು. ಟರ್ಮಿನಲ್‌ನಿಂದ ಓಡಿಸುವ ಸ್ಕ್ರಿಪ್ಟಿಗೆ ಅನುಮತಿಯನ್ನು ಟರ್ಮಿನಲ್‌ನ ಹೆಸರಿನಲ್ಲಿ ಕೊಡಬೇಕಾಗುತ್ತದೆ.

ಲಿನಕ್ಸ್‌ನ ಹೊಸ ಆವೃತ್ತಿಗೆ ಬಂದ ಮೇಲೆ ಎಕ್ಸ್‌ಡೂಟೂಲ್ ಕೆಲಸ ನಿಲ್ಲಿಸಿತು. ಏನಾಯಿತು?

ನೀವು ಎಕ್ಸ್11 ಬಿಟ್ಟು, ಅದರ ಜಾಗಕ್ಕೆ ಬಂದ ವೇಲ್ಯಾಂಡ್ ವ್ಯವಸ್ಥೆಗೆ ಬಂದಿದ್ದೀರಿ. 1987ರಲ್ಲಿ ಬಂದ ಎಕ್ಸ್11 ಎಲ್ಲ ತಂತ್ರಾಂಶಗಳನ್ನೂ ಒಂದೇ ಮನೆಯವರೆಂದು ಕಂಡಿತು: ಯಾರು ಬೇಕಾದರೂ ಯಾರ ವಿಂಡೋವನ್ನಾದರೂ ನೋಡಬಹುದಿತ್ತು, ಸರಿಸಬಹುದಿತ್ತು, ಅವರ ಕೀಲಿಗಳನ್ನು ಕದ್ದು ಕೇಳಬಹುದಿತ್ತು. 2008ರಲ್ಲಿ ಆರಂಭವಾದ ವೇಲ್ಯಾಂಡ್‌ನಲ್ಲಿ ಪ್ರತಿ ತಂತ್ರಾಂಶಕ್ಕೂ ತನ್ನ ವಿಂಡೋ ಮಾತ್ರ ಗೊತ್ತು. ಪರದೆಯಲ್ಲಿ ತಾನು ಎಲ್ಲಿದ್ದೇನೆ ಎಂಬುದೂ ಅದಕ್ಕೆ ತಿಳಿಯದು. ಎಕ್ಸ್‌ಡೂಟೂಲ್ ಈಗಲೂ ಹಳೆಯ ಬಗೆಯ, ಹೊಂದಾಣಿಕೆಯ ಪದರದಲ್ಲಿ ಓಡುವ ವಿಂಡೋಗಳನ್ನು ಮುಟ್ಟಬಲ್ಲದು, ಉಳಿದವನ್ನು ಮುಟ್ಟಲಾರದು.

ಬದಲಿಯಾಗಿ ವೈಡೂಟೂಲ್ ಇದೆ. ಅದು ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮಟ್ಟದಲ್ಲಿ ಒಂದು ಕಾಲ್ಪನಿಕ ಕೀಲಿಮಣೆ ಮತ್ತು ಮೌಸನ್ನು ಸೃಷ್ಟಿಸುತ್ತದೆ, ಅದಕ್ಕೆ ವಿಶೇಷ ಅನುಮತಿ ಬೇಕು, ಮತ್ತು ವಿಂಡೋಗಳ ಬಗ್ಗೆ ಅದಕ್ಕೆ ಏನೂ ತಿಳಿಯದು. ವಿಂಡೋಗಳನ್ನು ಹುಡುಕಿ ಸರಿಸುವ ಕೆಲಸವನ್ನು ನಿಮ್ಮ ಡೆಸ್ಕ್‌ಟಾಪ್ ಪರಿಸರವೇ ಕೊಡುವ ವಿಸ್ತರಣೆಗಳಿಂದ ಮಾಡಿಸಬೇಕು; ಕೆಡಿಇ ಎಂಬ ಪರಿಸರದಲ್ಲಿ ವಿಂಡೋ ನಿರ್ವಾಹಕಕ್ಕೇ ಸ್ಕ್ರಿಪ್ಟ್ ಬರೆಯಬಹುದು. ಹಳೆಯ ಸುಲಭ ಹೋಯಿತೆಂದು ಬೇಸರವಾಗುವುದು ಸಹಜ, ನನಗೂ ಆಗಿತ್ತು. ಆದರೂ, ಗುಪ್ತಪದ ಬರೆಯುವಾಗ ಪಕ್ಕದ ತಂತ್ರಾಂಶ ಅದನ್ನು ಓದಲಾರದು ಎಂಬ ಭರವಸೆಗೆ ಈ ಬೆಲೆ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ.

ಪರದೆಯನ್ನು ಬೀಗ ಹಾಕಿ ಹೋದರೆ ಸ್ಕ್ರಿಪ್ಟ್ ಮುಂದುವರಿಯುತ್ತದೆಯೇ?

ಸ್ಕ್ರಿಪ್ಟ್ ಓಡುತ್ತದೆ, ಅದರ ಕ್ಲಿಕ್ಕುಗಳು ತಲುಪುವುದಿಲ್ಲ. ದೂರದ ಗಣಕಕ್ಕೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಂಪರ್ಕಿಸಿ ಆ ವಿಂಡೋವನ್ನು ಕುಗ್ಗಿಸಿದಾಗಲೂ ಸಂಪರ್ಕ ಕಡಿದಾಗಲೂ ಹೀಗೆಯೇ ಆಗುತ್ತದೆ, ಏಕೆಂದರೆ ಆಗ ಅಲ್ಲಿ ಒತ್ತಲು ಪರದೆಯೇ ಇರುವುದಿಲ್ಲ.

ಹತೋಟಿ ತಪ್ಪಿ ಓಡುವ ಸ್ಕ್ರಿಪ್ಟನ್ನು ನಿಲ್ಲಿಸುವುದು ಹೇಗೆ?

ಬರೆಯಲು ಕೂರುವಾಗಲೇ ಮೊದಲ ಸಾಲಿನಲ್ಲಿ ಇದಕ್ಕೆ ಉತ್ತರವಿರಬೇಕು. ಪೈಆಟೋಗುಯಿಯಲ್ಲಿ ಮೌಸನ್ನು ಪರದೆಯ ಮೂಲೆಗೆ ತಳ್ಳಿದರೆ ಓಟ ನಿಲ್ಲುತ್ತದೆ, ಮತ್ತು ಅದಕ್ಕೆ ಅವಕಾಶ ಸಿಗಲೆಂದೇ ಪ್ರತಿ ಆದೇಶದ ನಂತರ ಸೆಕೆಂಡಿನ ಹತ್ತನೇ ಒಂದು ಭಾಗದ ವಿರಾಮವಿದೆ. ವೇಗ ಹೆಚ್ಚಲಿ ಎಂದು ಇವೆರಡನ್ನೂ ತೆಗೆದುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಟೋಹಾಟ್‌ಕೀಯಲ್ಲಿ ಬೇರೆ ಯಾವುದಕ್ಕೂ ಬಳಸದ ಕೀಲಿಯೊಂದಕ್ಕೆ ಸ್ಕ್ರಿಪ್ಟಿನಿಂದ ಹೊರಬರುವ ಆದೇಶವನ್ನು ಜೋಡಿಸಿ. ಮೌಸನ್ನು ಸ್ಕ್ರಿಪ್ಟ್ ಸದಾ ಎಳೆಯುತ್ತಿರುವಾಗ ‘ಮುಚ್ಚು’ ಗುಂಡಿಯ ಕಡೆಗೆ ಅದನ್ನು ನೀವು ಒಯ್ಯಲಾರಿರಿ ಎಂಬುದನ್ನು ನೆನಪಿಡಿ.

ಕೈನೋವಿನಿಂದ ಮೌಸ್ ಹಿಡಿಯಲಾಗುತ್ತಿಲ್ಲ. ಸ್ಕ್ರಿಪ್ಟ್ ಇಲ್ಲದೆ ಏನಾದರೂ ನೆರವಿದೆಯೇ?

ಇದೆ, ಮತ್ತು ಅದು ಗಣಕದಲ್ಲೇ ಇದೆ. ವಿಂಡೋಸ್‌ನಲ್ಲಿ ಎಡ ಆಲ್ಟ್, ಎಡ ಶಿಫ್ಟ್ ಮತ್ತು ನಮ್‌ಲಾಕ್ ಒಟ್ಟಿಗೆ ಒತ್ತಿದರೆ ಅಂಕಿಗಳ ಭಾಗದ ಕೀಲಿಗಳಿಂದ ಮೌಸನ್ನು ನಡೆಸುವ ಸೌಲಭ್ಯ ತೆರೆಯುತ್ತದೆ. ಅಲ್ಲಿ 5 ಒತ್ತಿದರೆ ಕ್ಲಿಕ್. ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿದರೆ ಸ್ಟಿಕಿ ಕೀಸ್ ಬರುತ್ತದೆ, ಆಗ ಜೊತೆಕೀಲಿಗಳನ್ನು ಒಟ್ಟಿಗೆ ಹಿಡಿಯದೆ ಒಂದಾದ ಮೇಲೊಂದು ಒತ್ತಬಹುದು. ಮ್ಯಾಕ್‌ನಲ್ಲಿಯೂ ಲಿನಕ್ಸ್‌ನ ಪ್ರಮುಖ ಪರಿಸರಗಳಲ್ಲಿಯೂ ಇದೇ ಬಗೆಯ ಆಯ್ಕೆಗಳಿವೆ.

ನನ್ನ ಸ್ಕ್ರಿಪ್ಟನ್ನು ವೈರಸ್ ನಿರೋಧಕ ತಂತ್ರಾಂಶ ಅಪಾಯಕಾರಿ ಎನ್ನುತ್ತದೆ. ಗುಪ್ತಪದವನ್ನು ಅದರಿಂದ ಬರೆಸಬಹುದೇ?

ಕೀಲಿಗಳನ್ನು ಕೇಳುವ ಮತ್ತು ಕಳಿಸುವ ಕರೆಗಳನ್ನೇ ಗುಪ್ತಪದ ಕದಿಯುವ ತಂತ್ರಾಂಶಗಳೂ ಬಳಸುತ್ತವೆ. ಎಚ್ಚರಿಕೆಗೆ ಕಾರಣ ಅಷ್ಟೇ. ಸ್ಕ್ರಿಪ್ಟನ್ನು ಓಡಿಸಬಲ್ಲ ಒಂದೇ ಕಡತವಾಗಿ ಕಟ್ಟಿ ಹಂಚಿದಾಗ ಇದು ಹೆಚ್ಚು. ಮೂಲ ರೂಪದಲ್ಲಿಯೇ ಹಂಚಿದರೆ ಪಡೆದವರು ಓದಿಯಾದರೂ ನೋಡಬಹುದು.

ಗುಪ್ತಪದವನ್ನು ಸ್ಕ್ರಿಪ್ಟಿನ ಸಾಲಿನಲ್ಲಿ ಬರೆದಿಡಬೇಡಿ. ಫೋಕಸ್ ಜಾರಿದ ಒಂದೇ ಕ್ಷಣ ಸಾಕು, ಅದು ತೆರೆದ ಅಕ್ಷರಗಳಲ್ಲಿ ಯಾವುದೋ ವಿಂಡೋದಲ್ಲಿ ಮೂಡುತ್ತದೆ. ಪ್ರವೇಶದ ಹಂತದಲ್ಲಿ ಸ್ಕ್ರಿಪ್ಟ್ ನಿಂತು, ಗುಪ್ತಪದವನ್ನು ಮನುಷ್ಯರೇ ಬರೆದು ಮುಗಿಸುವವರೆಗೆ ಕಾಯ್ದು, ಮುಂದಿನ ವಿಂಡೋ ತೆರೆದ ಮೇಲೆ ಮುಂದುವರಿಯಲಿ.